ಮುಚ್ಚಳ ಮಗುಚಿದ ವೆಸ್ಟಾ ಕ್ರೌಲಿ

ವೆಸ್ಟಾ ಕ್ರೌಲಿ ಬಿಚ್ಚಿ ಜೋಡಿಸಿದ ಎಂಜಿನ್ ಸತ್ತಿದೆಯೆಂದು ಅದನ್ನು ತಯಾರಿಸಿದ ಕಂಪನಿಯ ಪರೀಕ್ಷಕ ಬರೆದುಕೊಟ್ಟು ಹೋಗಿ ಎರಡು ದಿನವಾಗಿತ್ತು. ‘ನೋರಾ ಜೇನ್’ ದೋಣಿಯ ಯಜಮಾನ ಎಲ್ಡನ್ ಫಿಕೆಟ್ ಆ ಕಾಗದವನ್ನು ದೋಣಿ ಕಟ್ಟುವ ಧಕ್ಕೆಯ ಮಂಜುಗಡ್ಡೆ ಕೋಣೆಯ ಬಾಗಿಲಿಗೆ ಎಲ್ಲರೂ ಓದಲೆಂದೇ ಅಂಟಿಸಿದ್ದ. ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಎರಡು ಸಾವಿರದ ಮುನ್ನೂರು ಸುತ್ತು ತಿರುಗಬೇಕಾದ ಎಂಜಿನ್ ಎರಡು ಸಾವಿರದ ಐವತ್ತು ದಾಟುತ್ತಿಲ್ಲ, ಸಿಲಿಂಡರ್‌ಗಳು ಸವೆದಿವೆ, ಹೊಸದು ಹಾಕಿಸಬೇಕು. ಸೋಮವಾರ ಹಳೆಯದನ್ನು ಎತ್ತಿ ತೆಗೆಯುವುದೆಂದು ನಿಗದಿಯಾಗಿತ್ತು.

ಅಮೆರಿಕದ ಮೇನ್ ರಾಜ್ಯದ ಆ ಬಂದರಿನಲ್ಲಿ ಕಡಲಿಗೆ ಬೋನು ಇಳಿಸಿ ಲಾಬ್ಸ್ಟರ್ ಹಿಡಿಯುವ ಇಪ್ಪತ್ತೆಂಟು ದೋಣಿಗಳಿದ್ದವು. ಹತ್ತೊಂಬತ್ತರ ಎಂಜಿನ್‌ಗಳು ವೆಸ್ಟಾಳ ಕೈ ದಾಟಿದ್ದವು. ಒಂದು ಸತ್ತಿತೆಂದು ಒಪ್ಪಿಕೊಂಡರೆ ಉಳಿದ ಹದಿನೆಂಟರ ಮೇಲೂ ಅನುಮಾನ ಹುಟ್ಟುತ್ತದೆ, ಚಳಿಗಾಲದೊಳಗೆ ಅವಳ ಶೆಡ್ಡಿಗೆ ಬೀಗ ಬೀಳುತ್ತದೆ. ಇದು ಅವಳಿಗೂ ಗೊತ್ತಿತ್ತು, ಬಂದರಿಗೂ ಗೊತ್ತಿತ್ತು.

ಅವಳಿಗೀಗ ಅರವತ್ಮೂರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದಾಗ ಹೆಂಗಸರೆಲ್ಲ ಕತ್ತರಿ ಹಿಡಿದು ಸಾಲಾಗಿ ನಿಂತು ಮೀನಿನ ತಲೆ ಕತ್ತರಿಸಬೇಕಿತ್ತು. ಮೂರನೇ ವಾರ ಅವಳು ಕತ್ತರಿ ಕೆಳಗಿಟ್ಟು ಯಂತ್ರದ ಕೋಣೆಗೆ ನಡೆದಳು. ಅಲ್ಲಿಂದ ಅವಳನ್ನು ಹೊರಗೆ ಕಳಿಸಿದರು. ಮಾರನೆಯ ದಿನವೂ ಹೋದಳು. ಐದನೆಯ ದಿನ ಮುಖ್ಯ ಮೆಕ್ಯಾನಿಕ್ ಬೇಸತ್ತು ಅವಳ ಕೈಗೆ ಸ್ಪ್ಯಾನರ್ ಕೊಟ್ಟ.

ಶನಿವಾರ ಬೆಳಿಗ್ಗೆ ವೆಸ್ಟಾ ಯಾರನ್ನೂ ಕೇಳದೆ ‘ನೋರಾ ಜೇನ್’ ಹತ್ತಿದಳು.

“ಇಳಿ ಮಾರಾಯ್ತಿ,” ಎಂದ ಎಲ್ಡನ್. “ತೀರ್ಪು ಬಂದಾಗಿದೆ.”

“ತೀರ್ಪು ಕೊಟ್ಟೋನು ಊರಿಗೆ ಹೋಗಿ ಮಲಗಿದಾನೆ. ನಾನಿನ್ನೂ ಇಲ್ಲೇ ಇದೀನಿ. ಮುಚ್ಚಳ ಎತ್ತು.”

ಎಂಜಿನ್ ಇದ್ದದ್ದು ದೋಣಿಯ ನಡುವೆ, ಪೆಟ್ಟಿಗೆಯೊಳಗೆ. ಅದರ ಮುಚ್ಚಳ ಹಿಂಬದಿಗೆ ತೆರೆದುಕೊಳ್ಳುತ್ತಿತ್ತು. ಎಲ್ಡನ್ ಅದನ್ನೆತ್ತಿ ಕೋಲು ಕೊಟ್ಟು ನಿಲ್ಲಿಸಿದ. ವೇಗ ಕೊಡುವ ಥ್ರಾಟಲ್ ಹಿಡಿಯನ್ನು ಪೂರ್ತಿ ತಳ್ಳಿದಾಗ ಎಂಜಿನ್ನಿನ ಬಳಿಯ ಸನ್ನೆಕೋಲೂ ಕೊನೆ ಮುಟ್ಟುತ್ತಿತ್ತು, ಕೇಬಲ್ಲಿನದು ತಪ್ಪಲ್ಲ. ಗಾಳಿಯ ಫಿಲ್ಟರ್ ಹೊಸದು.

“ದೋಣಿಯ ತಳ?”

“ಹೋದ ತಿಂಗಳಷ್ಟೇ ತೊಳೆದು ಬಣ್ಣ ಹೊಡೆದಿದೀನಿ. ಪ್ರೊಪೆಲ್ಲರ್ ಬದಲಾಯಿಸಿಲ್ಲ.”

ಪೆಟ್ಟಿಗೆಯ ಒಳಗೋಡೆಗೆಲ್ಲ ನಾಲ್ಕು ಬೆರಳು ದಪ್ಪದ ಕಪ್ಪು ಸ್ಪಂಜು ಅಂಟಿಸಿತ್ತು. ಅವಳು ಎಂಜಿನ್ ಕೂರಿಸಿದಾಗ ಅದಿರಲಿಲ್ಲ.

“ಇದ್ಯಾವಾಗ?”

“ಹೋದ ಶರತ್ಕಾಲದಲ್ಲಿ. ಕಿವಿ ಹೋಗ್ತಿದೆ ಅಂದ್ರು ಡಾಕ್ಟ್ರು.”

“ಗಾಳಿ ಕಿಂಡಿಗಳೆರಡನ್ನೂ ಮುಚ್ಚಿದೀಯಲ್ಲೋ!”

“ಸದ್ದು ಅಲ್ಲಿಂದಲೇ ಜಾಸ್ತಿ ಬರ್ತಿತ್ತು. ಮುಚ್ಚಳದ ಸಂದೀಲಿ ಬೇಕಾದಷ್ಟು ಗಾಳಿ ಹೋಗತ್ತೆ. ಕಂಪನಿಯೋನಿಗೆ ಕಾಣದ್ದು ನಿನಗೆ ಕಾಣ್ತಾ?”

“ಹಗ್ಗ ಬಿಚ್ಚು. ಕಾಣಿಸ್ತೀನಿ.”

ಮುಚ್ಚಳ ಹಾಕಿ, ಬಂದರು ದಾಟಿ, ಥ್ರಾಟಲ್ ಪೂರ್ತಿ ತಳ್ಳಿದರು. ಎದುರಿನ ಮಾಪಕವನ್ನು ವೆಸ್ಟಾ ನಂಬಲಿಲ್ಲ. ಹಿಂಬದಿಯ ಹಲಗೆ ಸರಿಸಿ, ಪ್ರೊಪೆಲ್ಲರ್ ತಿರುಗಿಸುವ ದಂಡದ ಸುತ್ತನ್ನು ತನ್ನ ಕೈಮಾಪಕದಲ್ಲಿ ಅಳೆದಳು. ಸಾವಿರದ ಇಪ್ಪತ್ತೈದು. ಆ ದೋಣಿಯಲ್ಲಿ ದಂಡ ಒಂದು ಸುತ್ತು ಬರಲು ಎಂಜಿನ್ ಎರಡು ಸುತ್ತು ತಿರುಗಬೇಕು. ಮಾಪಕ ಸುಳ್ಳಾಡಿರಲಿಲ್ಲ. ಹೊಗೆ ಕಪ್ಪಗೆ ಬರುತ್ತಿತ್ತು: ಡೀಸೆಲ್‌ಗೆ ಕೊರತೆಯಿಲ್ಲ, ಅದು ಉರಿಯಲು ಗಾಳಿ ಸಾಲದು.

“ಈಗ ಮುಚ್ಚಳ ತೆಗೀತೀನಿ.”

“ಬೇಡ! ಆ ಕಂಪನಿಯೋನೂ ಕೇಳ್ದ, ಬಿಡಲಿಲ್ಲ ನಾನು.”

ವೆಸ್ಟಾ ಅವನ ಮುಖ ನೋಡಿದಳು. ಈ ವೇಗದಲ್ಲಿ ಕೋಲು ನಿಲ್ಲುವುದಿಲ್ಲ. ಮುಚ್ಚಳವನ್ನು ಪೂರ್ತಿ ಹಿಂದಕ್ಕೆ ಮಗುಚಲೇಬೇಕು. ಕಡಲಿನ ಮೇಲೆ ಮುಚ್ಚಳ ಅಂಗಾತ ಬಿದ್ದರೆ ದೋಣಿಯೂ ಹಾಗೇ ಬೀಳುತ್ತದೆಂದು ಆ ಬಂದರಿನ ಮಕ್ಕಳೂ ಹೇಳುತ್ತಿದ್ದರು. ಅವಳ ತಂದೆಯೂ ಹೇಳುತ್ತಿದ್ದ.

“ಅಂದ್ರೆ ಅವನು ಇದನ್ನ ಮುಚ್ಚಿಟ್ಟೇ ನೋಡಿದಾನೆ. ಅಷ್ಟಕ್ಕೇ ನನ್ನ ಹೆಸರಿಗೆ ಮಸಿ ಬಳಿದ್ಯಾ?”

“ವೆಸ್ಟಾ, ಮುಟ್ಟಬೇಡ! ನನ್ನ ದೋಣಿ ಇದು!”

“ಎಂಜಿನ್ ನನ್ನದು.”

ಮುಚ್ಚಳ ಧಡಾರನೆ ಹಿಂದಕ್ಕೆ ಬಿತ್ತು. ಎಲ್ಡನ್ ಚುಕ್ಕಾಣಿ ಬಿಟ್ಟು ಬರುವಂತಿರಲಿಲ್ಲ. ಬಾಯಿಗೆ ಬಂದಂತೆ ಬೈದ. ಅವಳು ಹೋಗಿ ಅಂಗಾತ ಬಿದ್ದ ಮುಚ್ಚಳದ ಮೇಲೆಯೇ ಕಾಲು ಚಾಚಿ ಕುಳಿತಳು.

“ಬೈದು ಮುಗೀತಾ? ಮಾಪಕ ನೋಡು.”

ಮುಳ್ಳು ಎರಡು ಸಾವಿರದ ನೂರು ದಾಟಿತು. ಇನ್ನೂರು. ಹೊಗೆ ತೆಳುವಾಯಿತು. ದೋಣಿಯ ಮೂತಿ ಮೇಲೆದ್ದಿತು. ಎರಡು ಸಾವಿರದ ಮುನ್ನೂರರಲ್ಲಿ ಮುಳ್ಳು ನಿಂತಿತು. ಎಲ್ಡನ್ ಥ್ರಾಟಲ್ ಇಳಿಸಿದ.

“ಆಯ್ತು ಕಣೆ. ಧಕ್ಕೆಗೆ ಹೋದ ತಕ್ಷಣ ಆ ಕಾಗದ ಹರೀತೀನಿ.”

“ಅದು ಸಾಲದು. ರೇಡಿಯೋ ತಗೋ.”

“ಎಲ್ಲಾರೂ ಕೇಳಿಸ್ಕೋತಾರೆ!”

“ಕೇಳಿಸ್ಕೊಳ್ಳಲಿ ಅಂತಾನೇ. ಇಪ್ಪತ್ತೇಳು ದೋಣಿನೂ ಈಗ ಬೋನು ಎತ್ತುತಾ ಇವೆ. ನೀನು ಹೇಳೋವರೆಗೆ ನಾನು ಏಳಲ್ಲ.”

ಎಲ್ಡನ್ ಅವಳ ಕೆಳಗಿದ್ದ ಮುಚ್ಚಳವನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ರೇಡಿಯೋ ಎತ್ತಿಕೊಂಡ. “ನೋರಾ ಜೇನ್ ಮಾತಾಡ್ತಿರೋದು. ಎಂಜಿನ್ ಚೆನ್ನಾಗಿದೆ. ಗಾಳಿ ಕಿಂಡಿ ಮುಚ್ಚಿಹೋಗಿತ್ತು.”

“ತಾನೇ ಮುಚ್ಕೊಳ್ತಾ?” ಎಂದಳು ವೆಸ್ಟಾ.

“ನಾನೇ ಮುಚ್ಚಿದ್ದೆ.”

ರೇಡಿಯೋ ಗರಗರ ಎಂದಿತು. ನಂತರ ಯಾವುದೋ ದೋಣಿಯಿಂದ ನಗು ಒಡೆಯಿತು: “ಕಿವಿಗೆ ಹತ್ತಿ ಇಟ್ಕೊಳ್ಳೋ ಎಲ್ಡನ್, ಎಂಜಿನ್ ಮೂಗಿಗಲ್ಲ!” ಇನ್ನೊಂದು ದನಿ ಕೇಳಿತು: “ವೆಸ್ಟಾ ಇದಾಳಾ ಅಲ್ಲಿ? ನಂದೂ ಒಂಚೂರು ನೋಡ್ಬೇಕಿತ್ತು.”

“ಶೆಡ್ಡಿಗೆ ಬಂದು ಕೇಳು ಅನ್ನು,” ಎಂದಳವಳು. ಅಷ್ಟರಲ್ಲಾಗಲೇ ಎದ್ದು, ಚಾಕು ತೆಗೆದು, ಮೊದಲನೆಯ ಕಿಂಡಿಯ ಸ್ಪಂಜು ಕೊಯ್ಯತೊಡಗಿದ್ದಳು.