ಎರಡು ಕಿಲೋ ಕುಲೀನೆ

ನಮ್ಮ ಮುತ್ತಜ್ಜನ ಹೆಸರು ಕೇಳಿದರೆ ನಾನು ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ. ಆದರೆ ನಮ್ಮ ನಾಯಿಯ ಮುತ್ತಜ್ಜನ ಹೆಸರು ನನಗೆ ಬಾಯಿಪಾಠ. ಬಿಳಿ ಪೊಮೆರೇನಿಯನ್ ಹೆಣ್ಣುಮರಿಯನ್ನು ಇಳಕಲ್ಲಿನ ನಮ್ಮ ಮನೆಗೆ ತಂದಾಗ ಅದರ ಜೊತೆ ವಂಶಾವಳಿಯ ಪ್ರಮಾಣಪತ್ರವೂ ಬಂದಿತ್ತು: ಮೂರು ತಲೆಮಾರು, ನೋಂದಣಿ ಸಂಖ್ಯೆ, ಕೆಳಗೊಂದು ಮೊಹರು. ಸಾಲಿ ಮಾಸ್ತರನಾದ ನನಗೆ ಮೊಹರು ಕಂಡರೆ ಮೊದಲಿನಿಂದಲೂ ಭಕ್ತಿ. ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆ. ಬೇರೆ ಮೊಳೆ ಇರಲಿಲ್ಲವಾದ್ದರಿಂದ ನಮ್ಮ ಮದುವೆಯ ಫೋಟೊ ಒಳಕೋಣೆಗೆ ಹೋಯಿತು.

ಸಣ್ಣದಿದ್ದಷ್ಟೂ ತಳಿ ಶ್ರೇಷ್ಠ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹೊತ್ತಿಗೆ ಒಂದೇ ಹಿಡಿ ಅನ್ನ ಹಾಕುತ್ತಿದ್ದೆ. ಅದು ತಟ್ಟೆ ನೆಕ್ಕಿ ನನ್ನ ಮುಖ ನೋಡಿದರೆ ಶಿಸ್ತು ಎಂದು ಗದರುತ್ತಿದ್ದೆ. ರವಿವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗಿಸುತ್ತಿದ್ದೆ. "ಮಾಸ್ತರ, ಇದು ನಾಯಿನೋ ಬೆಲ್ಲದ ಪೆಂಟಿನೋ?" ಎಂದು ಅಂಗಡಿಯವರು ನಗುತ್ತಿದ್ದರು. ಎರಡು ಕಿಲೋ ದಾಟದಿದ್ದರೆ ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಅದು ಬೆಳೆದ ಮೇಲೆ ಮರಿ ಹಾಕಿಸುವ ಆಸೆಯಾಯಿತು. ಮರಿಗಳಿಗೂ ಕಾಗದ ಬೇಕೆಂದರೆ ಗಂಡಿಗೂ ಕಾಗದ ಇರಬೇಕು. ಅಂಥದ್ದೊಂದು ಗಂಡು ಬಾದಾಮಿಯಲ್ಲಿ ಸಿಕ್ಕಿತು. ಅದರ ಯಜಮಾನರೂ ನಾನೂ ಚಾಪೆಯ ಮೇಲೆ ಎರಡೂ ವಂಶಾವಳಿ ಹರವಿಕೊಂಡು, ಎಲ್ಲಾದರೂ ಎರಡರಲ್ಲೂ ಒಬ್ಬನೇ ಅಜ್ಜ ಬಂದುಬಿಟ್ಟಾನೆಂದು ಬೆರಳಿಟ್ಟು ಹುಡುಕಿದೆವು. ಮಗಳ ಮದುವೆಗೂ ಇಷ್ಟು ವಿಚಾರಿಸಿರಲಿಲ್ಲ. ಗಂಡು ನಮ್ಮದಕ್ಕಿಂತ ಎರಡು ಪಟ್ಟು ದಪ್ಪವಿದೆ ಎಂಬುದು ಮಾತ್ರ ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ.

ಗಬ್ಬವಾದ ಮೇಲೆ ಹುನಗುಂದದ ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಭಾಳ ಸಣ್ಣದೈತ್ರಿ. ಮರಿ ದೊಡ್ಡವಾದ್ರ ಇದರ ಜೀವಕ್ಕ ಕಷ್ಟ."

"ಕಾಗದದಾಗ ಎಲ್ಲಾ ಬರೋಬ್ಬರಿ ಐತ್ರಿ" ಎಂದೆ.

ಮನೆಯಲ್ಲಿ ಹೆಂಡತಿ ಅದಕ್ಕೆ ಕುಬಸ ಮಾಡುತ್ತೇನೆಂದು ಹೊರಟಳು. ಚೊಚ್ಚಲ ಬಸುರಿಗೆ ಮಾಡುವಂತೆಯೇ ಗುಳೇದಗುಡ್ಡದ ಖಣ ಹೊದಿಸಿ ಕುಂಕುಮ ಹಚ್ಚಿದಳು. ಓಣಿಯ ಹೆಂಗಸರು ನಗುತ್ತಲೇ ಬುತ್ತಿ ಕಟ್ಟಿಕೊಂಡು ಬಂದರು: ಮೊಸರನ್ನ, ತುಪ್ಪ ಸವರಿದ ರೊಟ್ಟಿ. ನಾಯಿಗೇನು ಶಾಸ್ತ್ರ ಎಂದು ನಾನು ಗೊಣಗಿದೆ. ಗೋಡೆಯ ಮೇಲೆ ಅದರ ಮುತ್ತಜ್ಜನನ್ನು ತೂಗುಹಾಕಿದವನೂ ನಾನೇ.

ಆಮೇಲಿನ ರವಿವಾರಗಳಲ್ಲಿ ತೂಕ ಏರುತ್ತಲೇ ಹೋಯಿತು. ಮರಿಗಳ ತೂಕವೆಂದುಕೊಂಡೆ.

ಒಂದು ಮಧ್ಯಾಹ್ನ ನೋವು ಶುರುವಾಯಿತು, ಮರಿ ಮಾತ್ರ ಬರಲಿಲ್ಲ. ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು. ಹುನಗುಂದದವರೆಗೂ ಅದು ನರಳಿತು, ನಾನು ಹೆದರಿ ಬೆವರಿದೆ. ದವಾಖಾನೆಯಲ್ಲಿ ಹೊಟ್ಟೆ ಕೊಯ್ಯಬೇಕಾಯಿತು. ಒಂದು ಮರಿ ಸತ್ತಿತ್ತು. ಒಂದು ಬದುಕಿತು, ತಾಯಿಯೂ ಉಳಿಯಿತು.

ವೈದ್ಯರು ಕೈ ತೊಳೆಯುತ್ತ ನನ್ನ ಬೆನ್ನು ತಟ್ಟಿದರು. "ಚಲೋ ತಿನಿಸೀರಿ ಮಾಸ್ತರ. ಮೈಯಾಗ ಕಸುವಿತ್ತು, ಅದಕ್ಕ ತಾಳ್ಕೊಂತು."

"ಹೌದ್ರಿ" ಎಂದೆ. ಆಟೋದಲ್ಲಿ ಕೂತ ಮೇಲೆ ಹೆಂಡತಿ ಹೇಳಿದಳು: "ಕುಬಸದ ದಿನದಿಂದ ನೀವು ಸಾಲಿಗೆ ಹೋದ ಮ್ಯಾಲ ದಿನಾ ಹಾಲು-ರೊಟ್ಟಿ ಹಾಕೀನ್ರಿ. ಉಪಾಸ ಕೆಡವಿ ಕೊಲ್ತಿದ್ರಿ ಅದನ್ನ."

ಮರಿಗೂ ಕಾಗದ ಬಂದಿದೆ, ಕಪಾಟಿನಲ್ಲಿ ಎಲ್ಲೋ ಇದೆ. ಮದುವೆಯ ಫೋಟೊ ಪಡಸಾಲೆಗೆ ಮರಳಿದೆ. ಈಗ ತಟ್ಟೆ ತುಂಬ ಕಲಸಿ ನಾನೇ ಇಡುತ್ತೇನೆ. ಮರಿ ನನ್ನ ಕಾಲಲ್ಲೇ ಸುತ್ತಾಡಿ ತಿನ್ನುತ್ತದೆ. ತಾಯಿ ಮಾತ್ರ ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಬಾಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು, ಹಿಂದೆ ಸರಿದು ಕೂರುತ್ತದೆ.