ಧಣಿಗಳ ಗುಡ್ಡೆಯ ಬೆಂಕಿ

ನಮ್ಮ ಧಣಿಗಳು ಜೀವಮಾನದಲ್ಲಿ ಗುಡ್ಡೆಗೆ ಒಂದು ಬೆಂಕಿಕಡ್ಡಿ ಗೀರಿದವರಲ್ಲ. ಹೊಸ ಹುಲ್ಲು ಚಿಗುರಲೆಂದು ಎಣ್ಮಕಜೆಯ ಕಡೆ ಬೇಸಿಗೆಯಲ್ಲಿ ಗುಡ್ಡೆ ಸುಡುವುದು ವಾಡಿಕೆ. ಸುಡುವಾಗ ಹಾವುಗಳೂ ಸಾಯುತ್ತವೆ. ಆ ನಾಗದೋಷ ಕಡ್ಡಿ ಗೀರಿದ ಕೈಗೇ ಅಂಟುತ್ತದೆ ಎಂದು ನಂಬಿಕೆ. ಅದಕ್ಕೇ ಆ ಕೆಲಸಕ್ಕೆ ಒಕ್ಕಲಿನವರ ಮಕ್ಕಳು ಬೇಕು. ಹುಲ್ಲು ಧಣಿಗಳಿಗೆ, ದೋಷ ನಮಗೆ.

ಮಹಾಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಆ ಕೈ ನನ್ನದಾಗಿತ್ತು. ಗಾಳಿ ತಿರುಗಿ ಬೆಂಕಿ ಸರಕಾರಿ ಕಾಡಿಗೆ ಹಾರಿತು. ಧಣಿಗಳು ಪೊಲೀಸರೆದುರು ಎಲೆ ಅಡಿಕೆ ಜಗಿಯುತ್ತಾ, "ಹುಡುಗ ಬೀಡಿ ಸೇದ್ತಾನೆ, ಎಂತ ಮಾಡುವುದು?" ಎಂದರು. ನಾನು ಬೀಡಿ ಮುಟ್ಟಿದವನೇ ಅಲ್ಲ. ಆದರೆ ನಿಜ ಹೇಳಿದರೆ ಅಮ್ಮನನ್ನೂ ತಮ್ಮನನ್ನೂ ಗೇಣಿಯ ಗದ್ದೆಯಿಂದ ಎಬ್ಬಿಸುವುದು ಖಂಡಿತ. ಅಪ್ಪ ಇಲ್ಲದ ಮನೆ. ಬಾಯಿ ಮುಚ್ಚಿಕೊಂಡೆ.

ಸಣ್ಣ ಪ್ರಾಯದವನಿಗೆ ಜೈಲು ಬೇಡವೆಂದು ಮ್ಯಾಜಿಸ್ಟ್ರೇಟರು ನನ್ನನ್ನು ಅದೇ ಕಾಡಿನ ಕ್ಯಾಂಪಿಗೆ ಕಳಿಸಿದರು. ತಪ್ಪು ಮಾಡಿದ ಹುಡುಗರನ್ನು ಅಲ್ಲಿ ದುಡಿಸಿ ತಿದ್ದುತ್ತಾರಂತೆ! ತೇಗದ ಸಸಿಗಳ ಸುತ್ತ ತರಗೆಲೆ ಗುಡಿಸಿ ಕಿಚ್ಚು ದಾಟದಂತೆ ಬೆಂಕಿಗೆರೆ ಬಿಡಿಸುವುದು, ಕಿಚ್ಚು ಎದ್ದರೆ ಹಸಿ ಸೊಪ್ಪಿನಿಂದ ಬಡಿದು ಆರಿಸುವುದು, ಇದೇ ಕೆಲಸ. ಅಲ್ಲಿನ ಗಾರ್ಡ್ ಗಂಜಿ ಬಡಿಸುವಾಗಲೆಲ್ಲ "ಮಾಡಿದ್ದುಣ್ಣೋ ಮಹಾರಾಯ" ಎನ್ನುತ್ತಿದ್ದ. ಮಾಡಿಸಿದವನು ಎಲ್ಲಿ ಕುಳಿತು ಉಣ್ಣುತ್ತಿದ್ದಾನೆ ಎಂದು ಒಂದು ದಿನವೂ ಕೇಳಲಿಲ್ಲ. ಅವನ ದನಿ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗ ನೆನೆದರೂ ಉರಿಯುತ್ತದೆ.

ಮರುವರ್ಷ ಒಂದು ಮಧ್ಯಾಹ್ನ ಅದೇ ಗುಡ್ಡೆಯಿಂದ ಹೊಗೆ ಎದ್ದಿತು. ನಾವು ಸೊಪ್ಪು ಹಿಡಿದು ಓಡಿದೆವು. ಹುಬ್ಬು ಸುಟ್ಟಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ನನಗೆ ಮಾತ್ರ ಒಳಗೊಳಗೇ ಹಬ್ಬ. ನಾನು ಇಲ್ಲಿರುವಾಗ ಅಲ್ಲಿ ಬೆಂಕಿ ಕೊಟ್ಟವರು ಯಾರು? ಇನ್ನು ಧಣಿಗಳ ಕೈಗೆ ಕೋಳ ಬೀಳುತ್ತದೆ, ನನಗೆ ಬಿಡುಗಡೆ. ಅವರೇ ಒಳಗೆ ಹೋದರೆ ಅಮ್ಮನನ್ನು ಎಬ್ಬಿಸುವವರಾದರೂ ಯಾರು? ಬೆಂಕಿ ಬಡಿಯುತ್ತಲೇ ಗಾರ್ಡಿಗೆ ಕೂಗಿ ಹೇಳಿಬಿಟ್ಟೆ.

"ಇದು ಧಣಿಗಳು ಹೇಳಿ ಕೊಡಿಸುವ ಬೆಂಕಿ! ನನ್ನ ಕೈಯಲ್ಲಿ ಕೊಡಿಸಿದ್ದೂ ಅವರೇ!"

"ಬಾಯಿ ಮುಚ್ಚಿ ಬಡಿ ಮಾರಾಯ. ಯಾರು ಕೊಟ್ಟದ್ದು ಅಂತ ಪೊಲೀಸರು ನೋಡಿಕೊಳ್ತಾರೆ."

ಪೊಲೀಸರು ನೋಡಿಕೊಂಡರು. ಬಿಸು ಹಬ್ಬಕ್ಕೆ ಮೊದಲೇ ಒಬ್ಬ ಪೇದೆ ಕ್ಯಾಂಪಿಗೆ ಹೊಸ ಹುಡುಗನನ್ನು ಕರೆತಂದ. ನನ್ನ ಹಳೆಯ ಅಂಗಿ ಅವನ ಮೊಣಕಾಲಿನವರೆಗೆ ಇಳಿದಿತ್ತು. ನನ್ನ ತಮ್ಮ. ಧಣಿಗಳಿಗೆ ಇನ್ನೊಂದು ಕೈ ಬೇಕಾಗುತ್ತದೆ, ನಮ್ಮ ಮನೆಯಲ್ಲಿ ಇನ್ನೊಂದು ಕೈ ಉಂಟು ಎಂಬುದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

ಅವನ ಎರಡೂ ಭುಜ ಹಿಡಿದು ಕುಲುಕಿದೆ. "ಯಾರು ಹೇಳಿದ್ದು ನಿಂಗೆ? ಗಾರ್ಡ್ ಇಲ್ಲೇ ಇದ್ದಾರೆ, ಹೇಳು!"

ಅವನು ನನ್ನ ಮುಖ ನೋಡಲಿಲ್ಲ.

"ಯಾರೂ ಹೇಳ್ಲಿಲ್ಲ ಅಣ್ಣ," ಎಂದ. "ನಾನು ಬೀಡಿ ಸೇದ್ತಿದ್ದೆ."