ಕೆಂಪುಕಲ್ಲಿನ ಕೋಟೆಯಲ್ಲಿ ಅಪ್ಪ

ನನ್ನ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಪುತ್ತೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ಸೋಮವಾರಪೇಟೆ ಸುತ್ತಲಿನ ಎಸ್ಟೇಟುಗಳಲ್ಲಿ ಕೂಲಿಯವರ ಲೈನ್ ಮನೆಗಳನ್ನು ಕಟ್ಟುತ್ತಿದ್ದರು. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನನ್ನನ್ನು ಕಾಸರಗೋಡಿನ ಆಚೆಗಿನ ಕಡಲ ಕೋಟೆಗೆ ಕರೆದುಕೊಂಡು ಹೋದರು. ಮಡಿಕೇರಿಯಿಂದ ಇಳಿಯುವ ತಿರುವುಗಳಲ್ಲಿ ನಾನು ಎರಡು ಸಲ ವಾಂತಿ ಮಾಡಿದೆ.

ನನಗೆ ಕಡಲು ನೋಡುವ ಆಸೆ. ಅಪ್ಪ ಮಾತ್ರ ಕೋಟೆ ಬಾಗಿಲಲ್ಲೇ ನಿಂತುಬಿಟ್ಟರು.

"ನೋಡು ಮಗಳೇ, ದಾರಿಯನ್ನು ನೇರ ಬಿಟ್ಟಿಲ್ಲ, ತಿರುಗಿಸಿದ್ದಾರೆ. ಎಂಥ ಸೈನ್ಯ ನುಗ್ಗಿದ್ರೂ ಇಲ್ಲಿ ನಿಧಾನ ಆಗ್ಲೇಬೇಕು."

ಆಮೇಲೆ ಜೇಬಿನಿಂದ ದಾರ ಕಟ್ಟಿದ ತೂಕದ ಗುಂಡು ತೆಗೆದು ಗೋಡೆಗೆ ಹಿಡಿದರು. ಅದನ್ನು ಕಂಡು ಕಾವಲಿನವರೊಬ್ಬರು ಓಡಿಬಂದರು. "ಏನು ಮಾಡ್ತಿದ್ದೀರಿ? ಗೋಡೆ ಮುಟ್ಟಬಾರ್ದು!"

"ತಪ್ಪಾಯ್ತು," ಅಪ್ಪ ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ನಾನೂ ಗೋಡೆ ಕಟ್ಟುವವನೇ. ಮೇಲೆ ಹೋದ ಹಾಗೆ ಒಳಕ್ಕೆ ಎಷ್ಟು ವಾಲಿಸಿದ್ದಾರೆ ಅಂತ ನೋಡಿದೆ."

ಕಾವಲಿನವರು ಅಪ್ಪನ ಕೈಗಳನ್ನೇ ಒಂದು ಗಳಿಗೆ ನೋಡಿದರು. "ಬನ್ನಿ ಮೇಸ್ತ್ರಿಗಳೇ, ಕಡಲ ಕಡೆಯ ಬುರುಜು ತೋರಿಸ್ತೇನೆ."

ಎಸ್ಟೇಟಿನಲ್ಲಿ 'ಏ ಮೇಸ್ತ್ರಿ' ಅನ್ನುವುದನ್ನಷ್ಟೇ ನಾನು ಕೇಳಿದ್ದೆ. ಅಪ್ಪನ ಮುಖ ನಾಚಿಕೆಯಿಂದ ಕೆಂಪಾಯಿತು.

ಬುರುಜಿನ ಗೋಡೆಯಲ್ಲಿ ಬಂದೂಕು ಹಿಡಿಯಲು ಬೇರೆ ಬೇರೆ ಓರೆಯ ಕಂಡಿಗಳಿದ್ದವು. ಒಂದರಲ್ಲಿ ಇಣುಕಿದರೆ ದೂರದ ನೀರು, ಇನ್ನೊಂದರಲ್ಲಿ ಗೋಡೆಯ ಬುಡದ ಬಂಡೆ. ಕೋಟೆ ಇಕ್ಕೇರಿಯ ನಾಯಕರು ಕಟ್ಟಿಸಿದ್ದು, ಆಮೇಲೆ ಮೈಸೂರಿನವರ ಕೈಗೆ, ಕೊನೆಗೆ ಇಂಗ್ಲಿಷರಿಗೆ ಹೋಯಿತು ಎಂದು ಕಾವಲಿನವರು ಹೇಳಿದರು. ಅಗೆದಾಗ ಮೆತ್ತಗಿರುವ ಈ ಕೆಂಪುಕಲ್ಲು ಗಾಳಿ ಬಿಸಿಲಿಗೆ ಹೇಗೆ ಗಟ್ಟಿಯಾಗುತ್ತದೆ ಎಂದು ಅಪ್ಪ ಅವರಿಗೆ ವಿವರಿಸಿದರು. ಇಬ್ಬರೂ ಬೀಡಿ ಹಚ್ಚಿ ಮೆಟ್ಟಿಲ ಮೇಲೆ ಕೂತರು.

"ಕಟ್ಟಿದ ಮೇಸ್ತ್ರಿ ಯಾರು?" ಅಪ್ಪ ಕೇಳಿದರು.

"ಅದೆಲ್ಲಿ ಬರೆದಿರ್ತಾರೆ?"

"ಹೌದು ಬಿಡಿ, ನನ್ನ ಹೆಸರನ್ನೂ ಬರೆಯೋದಿಲ್ಲ," ಎಂದು ಅಪ್ಪ ಜೋರಾಗಿ ನಕ್ಕರು.

ಈ ಮಾತುಕತೆಯಲ್ಲಿ ಹೊತ್ತು ಹೋಗಿ, ಕಡಲಿಗೆ ಉಳಿದದ್ದು ಹತ್ತು ನಿಮಿಷ. ಕಾಲು ಒದ್ದೆ ಮಾಡಿಕೊಂಡು ಬಸ್ಸಿಗೆ ಓಡಿದೆವು. ಊರು ತಲುಪುವವರೆಗೆ ನಾನು ಅಪ್ಪನ ಜೊತೆ ಮಾತಾಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ, ಹೋದ ಬೇಸಿಗೆಯಲ್ಲಿ, ತಂಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನಾನು ಅಪ್ಪನ ಜೊತೆ ಹೋಗಿದ್ದಾಗ ಅವಳಿನ್ನೂ ತೊಟ್ಟಿಲ ಮಗು. ಬುರುಜಿನ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿದಳು: "ಅಪ್ಪ ಅವತ್ತು ಏನು ಹಾಕ್ಕೊಂಡಿದ್ರು ಅಕ್ಕಾ?"

"ಬಿಳಿ ಪಂಚೆ. ಮದುವೆಮನೆಗೆ ಹೋಗುವಾಗ ಹಾಕ್ತಿದ್ದ ನೀಲಿ ಶರ್ಟು."